ಹೆಡ್‌ಮಾಸ್ಟರರ ಕೆಮ್ಮು ಮತ್ತು ನನ್ನ ಇಂಗ್ಲಿಷ್

ಹತ್ತನೇ ತರಗತಿಯ ಇಂಗ್ಲಿಷ್ ಪೂರ್ವಸಿದ್ಧತಾ ಪರೀಕ್ಷೆಗೆ ನಾನು ಮಾಡಿಕೊಂಡಂಥ ಭರ್ಜರಿ ತಯಾರಿಯನ್ನು ಪುಂಜಾಲಕಟ್ಟೆಯಲ್ಲಿ ಇದುವರೆಗೆ ಯಾರೂ ಮಾಡಿಲ್ಲ. ಇನ್ನು ಮುಂದೆ ಮಾಡುವ ಧೈರ್ಯವೂ ಯಾರಿಗೂ ಇಲ್ಲ!

ಇದಕ್ಕೆಲ್ಲ ಕಾರಣ ಒಂದು ಮೈಕ್. ಫಲಿತಾಂಶದ ಮರುದಿನವೇ ನಮ್ಮೂರಿನ ಯುವಕ ಮಂಡಲದ ಕ್ರಿಕೆಟ್ ಪಂದ್ಯಾಟವಿತ್ತು. ಊರಿನವರೆಲ್ಲರ ಸ್ವರವನ್ನು ಥೇಟ್ ಅವರ ಹಾಗೆಯೇ ತೆಗೆಯಬಲ್ಲವನೆಂದು ಕಾಮೆಂಟರಿಯ ಮೈಕನ್ನು ನನಗೇ ಕೊಡುವುದೆಂದು ನಿಶ್ಚಯವಾಗಿತ್ತು. ಅಮ್ಮನದು ಒಂದೇ ಷರತ್ತು.

"ಇಂಗ್ಲಿಷಿನಲ್ಲಿ ಪಾಸಾದರೆ ಮೈಕ್. ಇಲ್ಲದಿದ್ದರೆ ಬಾಯಿ ಮುಚ್ಚಿ ಕೂತುಕೊಳ್ಳಬೇಕು."

ನನ್ನಂಥವನಿಗೆ ಇದು ಮರಣದಂಡನೆ!

ಓದಿದ್ದು ನನ್ನ ತಲೆಗೆ ಹತ್ತುವುದಿಲ್ಲ. ಆದರೆ ಯಾರದ್ದಾದರೂ ಸ್ವರದಲ್ಲಿ ಹೇಳಿಕೊಂಡರೆ ಹಲಸಿನ ಮೇಣದ ಹಾಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಪಠ್ಯವನ್ನು ಊರಿನವರ ಸ್ವರಗಳಿಗೆ ಹಂಚಿಬಿಟ್ಟೆ. ಪದ್ಯದ ಸಾರಾಂಶ ಬೆಳ್ತಂಗಡಿ ಬಸ್ಸಿನ ಕಂಡಕ್ಟರನಿಗೆ. ಒಂದು ಚರಣ ಮುಗಿದ ಕೂಡಲೇ ಆತ 'ಮುಂದೆ ಹೋಗಿ, ಮುಂದೆ ಹೋಗಿ' ಎಂದು ಮುಂದಿನದಕ್ಕೆ ತಳ್ಳುತ್ತಿದ್ದ. ಪಾಠದಲ್ಲಿ ಬರುವ ಅಜ್ಜಿಯ ವರ್ಣನೆ ಬುಟ್ಟಿ ಹೊತ್ತು ಬರುವ ಮೀನಿನ ಅಕ್ಕನಿಗೆ. ಪತ್ರಲೇಖನ ಮಾತ್ರ ಗಂಭೀರ ವಿಷಯವಾದ್ದರಿಂದ ನಮ್ಮ ಹೆಡ್‌ಮಾಸ್ಟರರ ಪಾಲಿಗೆ ಹೋಯಿತು. ಅವರು ಎರಡು ಸಲ ಕೆಮ್ಮಿ, ಮೇಜಿಗೆ ಉಂಗುರ ತಟ್ಟದೆ ಯಾವ ಮಾತನ್ನೂ ಶುರು ಮಾಡುವವರಲ್ಲ.

ಒಂದು ಸಂಜೆ ನಾನು ಕೋಣೆಯೊಳಗೆ ಪತ್ರ ಕಲಿಯುತ್ತಿದ್ದೆ. ಅಮ್ಮ ಸೆರಗು ಸರಿಮಾಡಿಕೊಂಡು, ಒಳ್ಳೆಯ ಲೋಟದಲ್ಲಿ ಚಾ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

"ಹೆಡ್‌ಮಾಸ್ಟ್ರು ಎಲ್ಲಿ?"

ಆ ಚಾ ನಾನೇ ಕುಡಿದೆ. ಅಭ್ಯಾಸ ಪರಿಪೂರ್ಣವಾಯಿತೆಂಬುದಕ್ಕೆ ಇನ್ನೇನು ಪ್ರಮಾಣಪತ್ರ ಬೇಕು!

ಗೆಳೆಯ ರಫೀಕ್ ನನ್ನಿಂದ ಈ ವಿದ್ಯೆ ಕಲಿತ. ಅವನಿಂದ ಇಡೀ ತರಗತಿ ಕಲಿಯಿತು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ನಾನು ಪಾಠ ಹೇಳುವುದು, ಶಿಷ್ಯವೃಂದ ಒಟ್ಟಾಗಿ ಕೆಮ್ಮುವುದು. ಯಾವುದೋ ಸಾಂಕ್ರಾಮಿಕವೆಂದು ಪಕ್ಕದ ಅಂಗಡಿಯವರು ಮುಖಕ್ಕೆ ಟವೆಲ್ ಹಿಡಿದುಕೊಂಡರಂತೆ.

ಪರೀಕ್ಷೆಯ ದಿನ ನಮ್ಮ ಕೋಣೆಗೆ ಮೇಲ್ವಿಚಾರಕರಾಗಿ ಬಂದವರು ಸಾಕ್ಷಾತ್ ಹೆಡ್‌ಮಾಸ್ಟರರು!

ಕಂಡಕ್ಟರನನ್ನೂ ಮೀನಿನ ಅಕ್ಕನನ್ನೂ ತುಟಿಯೊಳಗೇ ದಾಟಿಸಿದೆ. ಪತ್ರ ಬಂತು. ಪೆನ್ನು ಅಲುಗಲಿಲ್ಲ. ಕೆಮ್ಮದೆ ಬರುವ ಪತ್ರವೇ ಅಲ್ಲ ಅದು! ಮೆಲ್ಲನೆ ಎರಡು ಸಲ ಕೆಮ್ಮಿದೆ. ಉಂಗುರವಿಲ್ಲದ್ದರಿಂದ ಕಂಪಾಸ್ ಪೆಟ್ಟಿಗೆಯಿಂದ ಡೆಸ್ಕಿಗೆ ತಟ್ಟಿದೆ. ಆಹಾ, 'ಸರ್' ಎಂಬ ಸಂಬೋಧನೆ ತಾನಾಗಿ ಕಾಗದಕ್ಕಿಳಿಯಿತು!

ಅಷ್ಟರಲ್ಲಿ ನನ್ನ ಹಿಂದೆ ರಫೀಕ್ ಕೆಮ್ಮಿದ. ಟಕ್ ಟಕ್. ಕಿಟಕಿ ಬದಿಯವರು ಕೆಮ್ಮಿದರು. ಟಕ್ ಟಕ್. ನೋಡುನೋಡುತ್ತಿದ್ದಂತೆ ಪರೀಕ್ಷಾ ಕೊಠಡಿಯಲ್ಲಿ ಚೆಂಡೆ ಮೇಳ! ಗದರಲೆಂದು ಹೆಡ್‌ಮಾಸ್ಟರರು ಎರಡು ಸಲ ಕೆಮ್ಮಿ, ಮೇಜಿಗೆ ಉಂಗುರ ತಟ್ಟಿದರು. ಆಗಲೇ ಅವರಿಗೆ ವಿಷಯ ಅರ್ಥವಾದದ್ದು.

"ಇದು ಯಾರ ಕೆಮ್ಮು?"

ರಫೀಕ್ ಸತ್ಯವಂತ. ಎದ್ದು ನಿಂತ.

"ನಿಮ್ಮದೇ ಸರ್. ಇವ ಕಲಿಸಿದ್ದು."

ಹೆಡ್‌ಮಾಸ್ಟರರು ಬಯ್ಯಲಿಲ್ಲ. ಕೋಣೆಗೆ ಬೇರೆ ಟೀಚರನ್ನು ಕರೆಸಿ, ನನ್ನನ್ನು ತಮ್ಮ ಆಫೀಸಿಗೆ ಕರೆದುಕೊಂಡು ಹೋಗಿ, ಎದುರಿನ ಕುರ್ಚಿ ತೋರಿಸಿದರು.

"ಇಲ್ಲಿ ಬರಿ. ಎಷ್ಟು ಬೇಕಾದರೂ ಕೆಮ್ಮು, ತೊಂದರೆ ಇಲ್ಲ."

ಅಸಲಿ ಎದುರಿಗೇ ಕೂತಿರುವಾಗ ನಕಲಿ ಎಲ್ಲಿಂದ ಬರಬೇಕು? ಅವರು ಕೆಮ್ಮಿದಾಗಲೆಲ್ಲ ನಾನು ಆಸೆಯಿಂದ ತಲೆಯೆತ್ತುತ್ತಿದ್ದೆ. ಪತ್ರ ಮಾತ್ರ ಮುಂದುವರಿಯಲಿಲ್ಲ. ಪ್ರಬಂಧಕ್ಕೆಂದು ಇಟ್ಟುಕೊಂಡಿದ್ದ ಕಾಮೆಂಟರಿಯ ಸ್ವರವೂ ಗಂಟಲಲ್ಲೇ ರನ್ ಔಟ್!

ಫಲಿತಾಂಶ ಬಂತು. ಇಷ್ಟು ಚಂದದ ಪತ್ರಗಳನ್ನು ಯಾವ ತರಗತಿಯೂ ಬರೆದಿಲ್ಲವೆಂದು ಇಂಗ್ಲಿಷ್ ಟೀಚರು ಹೊಗಳಿದರು. ಶಿಷ್ಯರೆಲ್ಲ ಪಾಸು. ಗುರು ಫೇಲು!

ಮೈಕ್ ರಫೀಕನಿಗೆ ಹೋಯಿತು. ನನಗೆ ಸಿಕ್ಕಿದ್ದು ಸ್ಕೋರ್ ಬೋರ್ಡಿನ ಅಂಕೆ ಬದಲಿಸುವ ಕೆಲಸ. ಅದಕ್ಕೆ ಬಾಯಿ ಬೇಡ. ಅವನು ಕಾಮೆಂಟರಿ ಶುರು ಮಾಡಿದ ಕೂಡಲೇ ಮೈದಾನವೆಲ್ಲ ಹೊಟ್ಟೆ ಹಿಡಿದು ನಗತೊಡಗಿತು. ಯಾರ ಸ್ವರವಪ್ಪಾ ಇದು, ಇಷ್ಟು ಜಂಬದ್ದು ಎಂದು ನಾನೂ ನಕ್ಕೆ. ಆಮೇಲೆ ಗೊತ್ತಾಯಿತು. ನನ್ನದೇ!

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅಮ್ಮ. ಅವಳ ಹತ್ತಿರ ಹೋಗಿ, ನಾನು ನಿಜವಾಗಿಯೂ ಇಷ್ಟು ಪೆದ್ದನ ಹಾಗೆ ಮಾತಾಡ್ತೇನಾ ಎಂದು ಕೇಳಿದೆ.

ಅಮ್ಮ ಕಣ್ಣೊರೆಸಿಕೊಂಡಳು. "ಇಲ್ಲ ಮಗ. ಪಾಪ, ಗೆಳೆಯ ಅಲ್ವಾ, ಅವ ಸ್ವಲ್ಪ ಕಡಿಮೆ ಮಾಡಿ ಹೇಳ್ತಾ ಇದ್ದಾನೆ."