ಲಾಕ್ಲನ್ ಮೇಷ್ಟ್ರು ಶಾಲು ತೊಳೆದದ್ದು

ಲಾಕ್ಲನ್ ಪರ್ಡಿ ಮೇಷ್ಟ್ರಿಗೆ ಇದ್ದದ್ದು ಒಂದೇ ಕೊರಗು. ಗೋರ್ ಊರಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಮಕ್ಕಳ ತಲೆಗೆ ಪ್ರೋಟೀನಿನ ಪಾಠ ತುಂಬಿದ ಮಹಾನುಭಾವನಿಗೆ ನಿವೃತ್ತಿಯ ನಂತರ ಕೇಳುಗರೇ ಇಲ್ಲ! ಉಳಿದವಳೊಬ್ಬಳು ಹೆಂಡತಿ ಐಲ್ಸ. ಅವಳ ಕಣ್ಣು, ಕಿವಿ, ಪ್ರಾಣ ಎಲ್ಲವೂ ಹೆಣಿಗೆಯ ಕಡ್ಡಿಯ ತುದಿಯಲ್ಲಿ.

"ನೋಡೇ, ನೀನು ಹಾಕೋ ಒಂದೊಂದು ಕುಣಿಕೇನೂ ಒಂದೊಂದು ಅಮೈನೋ ಆಮ್ಲ ಅಂದ್ಕೋ. ಸಾಲಾಗಿ ಪೋಣಿಸಿದ್ರೆ ಮೊದಲನೇ ಹಂತ. ಸಾಲು ಸುರುಳಿ ಸುತ್ಕೊಂಡ್ರೆ ಎರಡನೇದು. ಸುರುಳಿ ಮುದುರಿ ಉಂಡೆಯಾದ್ರೆ ಮೂರನೇದು. ಅಂಥ ನಾಲ್ಕು ಉಂಡೆ ಒಟ್ಟಿಗೆ ಕೂತ್ರೆ..."

"ನಮ್ಮ ಸೋಫಾ ಮುರಿಯುತ್ತೆ. ಎಣಿಕೆ ತಪ್ಪಿಸ್ಬೇಡ ಮಾರಾಯ!"

ಎಂಟು ತಿಂಗಳಿಂದ ಅವಳು ಹೆಣೆಯುತ್ತಿದ್ದದ್ದು ಎಳೆಗೂಸಿಗೆ ಹೊದಿಸುವ ಬಿಳಿ ಉಣ್ಣೆಯ ಶಾಲು. ಊರಿನ ಕೃಷಿಮೇಳದಲ್ಲಿ ತೀರ್ಪುಗಾರ್ತಿ ತನ್ನ ಮದುವೆಯುಂಗುರ ಬಿಚ್ಚಿ, ಇಡೀ ಶಾಲನ್ನು ಅದರೊಳಗಿಂದ ಎಳೆಯುತ್ತಾಳೆ. ಸಿಕ್ಕಿಕೊಳ್ಳದೆ ಹೊರಬಂದರೆ ಮಾತ್ರ ಬಹುಮಾನದ ಮಾತು. ಮೂರು ವರ್ಷದಿಂದ ಅದು ಎದುರುಮನೆಯ ಮೋರಾಗ್‌ಳ ಪಾಲು. (ಮೋರಾಗ್ ಬೇಲಿಯಾಚೆಯಿಂದ "ಈ ಸಲವೂ ಪ್ರಯತ್ನ ಪಡ್ತಿದೀಯಾ, ಪಾಪ" ಅಂದ ದಿನ ಐಲ್ಸಳಿಗೆ ಊಟ ಸೇರುತ್ತಿರಲಿಲ್ಲ.)

ಮೇಳದ ಹಿಂದಿನ ದಿನ ಶಾಲು ಮುಗಿದು ಸೋಫಾದ ಬೆನ್ನೇರಿತು. ಐಲ್ಸ ಮೇಳದ ಮೇಜು ಜೋಡಿಸಲು ಹೊರಟಳು. "ಲಾಕೀ, ಅದನ್ನ ಮುಟ್ಟಬೇಡ. ಅದರ ಕಡೆ ನೋಡ್ಲೂಬೇಡ."

ಮೇಷ್ಟ್ರು ನೋಡಿದರು, ಅಷ್ಟೆ. ಕೈಯಲ್ಲಿ ಅರೆಬೆಂದ ಮೊಟ್ಟೆ, ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲು. ಆ ಬೆಳಕಿನಲ್ಲಿ ಶಾಲಿನ ಕುಣಿಕೆಗಳೆಲ್ಲ ಮೆಲ್ಲಗೆ ಉಸಿರಾಡಿದಂತೆ, ಸರಪಳಿಗಳು ತಾವಾಗಿಯೇ ಸುತ್ತಿ, ಮಡಚಿ, ಒಂದನ್ನೊಂದು ತಬ್ಬಿಕೊಂಡಂತೆ ಕಂಡಿತು. ಆಹಾ ಎಂದು ಬಾಯಿ ತೆರೆದರು. ಚಮಚ ವಾಲಿತು. ಹಳದಿ ಭಂಡಾರವೆಲ್ಲ ಶಾಲಿನ ನಟ್ಟನಡುವೆ!

ಕರವಸ್ತ್ರದಿಂದ ಒರೆಸಿದರೆ ಕಲೆ ಇನ್ನಷ್ಟು ಹರಡಿತು. ಆದರೆ ವಿಜ್ಞಾನಿ ಹೆದರುವುದುಂಟೇ? ಕಲೆ ಯಾವುದರದು? ಮೊಟ್ಟೆಯದು. ಮೊಟ್ಟೆ ಎಂದರೆ? ಪ್ರೋಟೀನು. ಪ್ರೋಟೀನಿನ ಸರಪಳಿಗೆ ಕತ್ತರಿ ಯಾವುದು? ಕಿಣ್ವ! ಶಾಲು ಬಕೆಟ್ಟಿಗಿಳಿಯಿತು, ಬಟ್ಟೆ ಒಗೆಯುವ ಕಿಣ್ವದ ಪುಡಿ ಮೂರು ಹಿಡಿ ಬಿತ್ತು, ಉಗುರುಬೆಚ್ಚಗಿನದಕ್ಕಿಂತ ತುಸು ಹೆಚ್ಚೇ ಕಾದ ನೀರು ಬಿತ್ತು, ಮರದ ಸೌಟಿನಿಂದ ಚೆನ್ನಾಗಿ ಕಡೆದದ್ದೂ ಆಯಿತು. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ನೊರೆಯ ಗುಳ್ಳೆಗಳಲ್ಲಿ ಬಿಸಿಲು ಬಣ್ಣ ಬಣ್ಣವಾಗಿ ತೇಲುತ್ತಿತ್ತು. ತಾವೇ ಒಂದು ಉದ್ದನೆಯ ಸರಪಳಿಯಾಗಿ, ಗಂಟೆಲ್ಲ ಬಿಚ್ಚಿ, ಬೆಚ್ಚನೆ ನೀರಿನಲ್ಲಿ ಹಗುರವಾಗಿ ಹರಿದು ಹೋಗುತ್ತಿರುವಂತೆ ಕನಸು ಬಿತ್ತು.

ಎಚ್ಚರವಾದಾಗ ಮೂರು ಗಂಟೆ ಕಳೆದಿತ್ತು. ಕಲೆ ಮಾಯ! ಕುಣಿದಾಡಬೇಕೆನ್ನುವಷ್ಟರಲ್ಲಿ ಶಾಲು ಮೇಲೆ ಬಂತು. ಅಂಗೈಯಗಲಕ್ಕೆ ಕುಗ್ಗಿ, ಕಂಬಳಿಯಂತೆ ದಪ್ಪಗಾಗಿ, ನಡುವೆ ಐದಾರು ತೂತು ಬಿದ್ದಿತ್ತು.

ಬಾಗಿಲಲ್ಲಿ ಐಲ್ಸ.

"ಏನದು?"

"ಶಾಲು."

"ಯಾರದು?"

"ನಿಂದೇ ಕಣೇ. ಆದ್ರೆ ಮೊಟ್ಟೆ ಪೂರ್ತಿ ಹೋಗಿದೆ, ನೋಡು."

ಅವಳು ಕಿರುಚಿದ್ದರೆ ಚೆನ್ನಾಗಿತ್ತು. ತಣ್ಣಗೆ ಕೇಳಿದಳು: "ಉಣ್ಣೆ ಅಂದ್ರೆ ಏನು ಲಾಕೀ?"

"ಪ್ರೋ..." ಮೇಷ್ಟ್ರು ಸೌಟು ಕೆಳಗಿಟ್ಟರು. ಮೂವತ್ತೊಂದು ವರ್ಷ ಪರೀಕ್ಷೆಯಲ್ಲಿ ಅವರೇ ಕೇಳಿದ ಪ್ರಶ್ನೆ! "ಪ್ರೋಟೀನು."

"ನಾನು ಕೇಳಿಸ್ಕೊಳ್ತಿರ್ಲಿಲ್ಲ ಅಂದ್ಕೊಂಡ್ಯಾ? ಉಣ್ಣೆಗೆ ಹಾಕ್ಬೇಡಿ ಅಂತ ಪುಡಿ ಡಬ್ಬದ ಮೇಲೂ ಬರ್ದಿದಾರೆ." ಅಷ್ಟು ಹೇಳಿ ಅವಳು ಆ ಮುದ್ದೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. ಮೇಷ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಂಟು ತಿಂಗಳು ಅವಳ ಬೆರಳು ಸವೆದದ್ದನ್ನು ಅವರು ಎದುರಿಗೇ ಕೂತು ನೋಡಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಐಲ್ಸ ಮೂಗೊರೆಸಿಕೊಂಡು ಫೋನು ಎತ್ತಿದಳು. "ಕಾರ್ಯದರ್ಶಿಯವರೇ, ಮೇಳದಲ್ಲಿ ಹೆಣಿಗೆ ಕಲಿಯೋ ಗಂಡಸರ ಸ್ಪರ್ಧೆಗೆ ಒಬ್ರೂ ಹೆಸರು ಕೊಟ್ಟಿಲ್ಲ ಅಂತಿದ್ರಲ್ಲ? ಬರ್ಕೊಳ್ಳಿ, ಲಾಕ್ಲನ್ ಪರ್ಡಿ."

ಮರುದಿನ ಶಾಲುಗಳ ಬಹುಮಾನ ಮೋರಾಗ್‌ಳಿಗೇ ಹೋಯಿತು. ಗಂಡಸರ ವಿಭಾಗದಲ್ಲಿ ಮಾತ್ರ ಏಕೈಕ ವೀರ ಲಾಕ್ಲನ್ ಪರ್ಡಿಯವರಿಗೇ ಮೊದಲ ಬಹುಮಾನ. ಆ ಮುದ್ದೆಯ ಪಕ್ಕದಲ್ಲಿ, ಮೇಷ್ಟ್ರ ಹಳೇ ಶಿಷ್ಯರು ಸಾಲುಗಟ್ಟಿ ನಿಂತು ಓದುವಂತೆ, ತೀರ್ಪುಗಾರ್ತಿಯ ಚೀಟಿ:

"ಮೊದಲ ಪ್ರಯತ್ನಕ್ಕೆ ಮೆಚ್ಚುಗೆ. ಒಂದು ಸಲಹೆ: ಒಗೆಯುವ ಕೆಲಸವನ್ನು ಪ್ರೋಟೀನಿನ ಬಗ್ಗೆ ತಿಳಿದವರಿಗೆ ಬಿಡಿ."