ಕಪ್ಪು ಮುಖವಾಡದ ಮಹಾಖಳರಿಗೆ ಫುಲ್‌ಶೀರಿನ ಅಳಿಯನ ದೂರು

ಮಾನ್ಯರೇ,

ಐವತ್ತು ವರ್ಷಗಳ ಹಿಂದೆ ಇಟಲಿಯ ಕಾಮಿಕ್ಸ್ ಪುಸ್ತಕದಿಂದ ಬೆಳ್ಳಿತೆರೆಗೆ ಹಾರಿ, ಇಂದಿಗೂ ಮುಖದ ಮೇಲೊಂದು ಸುಕ್ಕಿಲ್ಲದೆ ವಜ್ರ ಕದಿಯುತ್ತಿರುವ ತಮಗೆ, ಹೂಸ್ಟನ್ ಬಳಿಯ ಫುಲ್‌ಶೀರಿನ ಸಾಫ್ಟ್‌ವೇರ್ ಎಂಜಿನಿಯರ್ ಹಯಗ್ರೀವನ ಸಾಷ್ಟಾಂಗ ನಮಸ್ಕಾರಗಳು. ಹೂಸ್ಟನ್ನಿನ ಸೆಕೆಯಲ್ಲೂ ಆ ಚರ್ಮದ ಉಡುಪಿನೊಳಗೆ ತಾವು ಕ್ಷೇಮವೆಂದು ನಂಬಿದ್ದೇನೆ.

ಕಳೆದ ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಹೂಸ್ಟನ್ನಿನಲ್ಲಿ ಮರುಪ್ರದರ್ಶನವಾದ ತಮ್ಮ ಚಿತ್ರಕ್ಕೆ ನನ್ನ ಅತ್ತೆ ಲಲಿತಮ್ಮನವರನ್ನು ಕರೆದೊಯ್ದದ್ದು ನನ್ನದೇ ತಪ್ಪು. ಮೈಸೂರಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಮ್ಮೊಡನೆ ನೆಲೆಸಲು ಬಂದ ಅವರು, ಹಾಲು ತರಬೇಕೆಂದರೂ ಯಾರಾದರೂ ಕಾರು ತೆಗೆಯಬೇಕಾದ ಈ ಊರಿನಲ್ಲಿ, ದಿನೇ ದಿನೇ ಮಾತು ಕಡಿಮೆ ಮಾಡಿ ಕಿಟಕಿಯ ಪಕ್ಕ ಕೂತುಬಿಟ್ಟಿದ್ದರು. ಹಳೆಯ ಚಿತ್ರ, ಮರ್ಯಾದಸ್ಥರದ್ದೇ ಇರಬೇಕು ಎಂದುಕೊಂಡೆ.

ತಾವೋ, ನೇರಳೆ ಹೊಗೆಯ ನಡುವೆ ಕಮಿಷನರರ ಔತಣದ ಕೇಕಿನೊಳಗಿಂದ ಎದ್ದು, ಅವರ ಹೆಂಡತಿಯ ಹಾರ ಬಿಚ್ಚಿಕೊಂಡು, ಕಾರನ್ನು ಜಲಪಾತದೊಳಕ್ಕೆ ನುಗ್ಗಿಸಿ ಮಾಯವಾದಿರಿ. ಯಾರೋ ಸಿಳ್ಳೆ ಹೊಡೆದರು. ತಿರುಗಿ ನೋಡಿದರೆ, ಅತ್ತೆಯವರು!

ಮನೆಗೆ ಮರಳುವಾಗ ಅವರು, "ಅಳಿಯಂದ್ರೇ, ಕದಿಯೋದು ಹಾಳಾಗ್ಲಿ, ಆತ ಯಾರ ಹತ್ರನಾದ್ರೂ ನನ್ನ ಡ್ರಾಪ್ ಮಾಡಿ ಅಂತ ಕೇಳಿದ್ನಾ? ನಂಗೂ ಡ್ರೈವಿಂಗ್ ಕಲಿಸಿ," ಎಂದರು.

"ಅರವತ್ತೆಂಟರ ವಯಸ್ಸಲ್ಲಿ ಯಾಕೆ ಅತ್ತೆ, ನಾವಿಲ್ವಾ?" ಎಂದು ನಕ್ಕೆ.

"ನೀವಿದ್ದೀರಿ. ನಾನೇ ಇಲ್ಲ ಇಲ್ಲಿ," ಎಂದರು. ಅವರು ನಗುತ್ತಿರಲಿಲ್ಲ.

ಮರುದಿನ ಸಂಜೆ ಖಾಲಿ ಪಾರ್ಕಿಂಗ್ ಜಾಗವೊಂದರಲ್ಲಿ ಕೀಲಿ ಅವರ ಕೈಗಿಟ್ಟೆ. ಎರಡು ಬಾರಿ ಪರೀಕ್ಷೆಯಲ್ಲಿ ಫೇಲಾದರು. ಒಮ್ಮೆ ನಮ್ಮ ಗ್ಯಾರೇಜಿನ ಬಾಗಿಲನ್ನೇ ಜಲಪಾತವೆಂದು ಭಾವಿಸಿದರು. ಮೂರನೆಯ ಬಾರಿ ಪಾಸಾಗಿ, ಕಾರಿನಲ್ಲೇ ಕೂತು ಗಳಗಳ ಅತ್ತರು. ನಾನೂ ಅತ್ತೆನೆಂಬುದನ್ನು ತಾವು ಯಾರಿಗೂ ಹೇಳಬಾರದು.

ಈಗ ಅತ್ತೆಯವರು ಕಪ್ಪು ಕನ್ನಡಕ ಧರಿಸಿ, ಬಡಾವಣೆಯ ಮೂವರು ಆಂಟಿಯರನ್ನು ನನ್ನ ಕಾರಿಗೆ ಹತ್ತಿಸಿಕೊಂಡು ಪೇರ್ಲ್ಯಾಂಡಿನ ಮೀನಾಕ್ಷಿ ದೇವಸ್ಥಾನಕ್ಕೆ ಹೊರಟರೆ, ಆಫೀಸಿಗೆ ಹೋಗಬೇಕಾದ ನಾನು ಲ್ಯಾಪ್‌ಟಾಪ್ ಹೊತ್ತು ಬಾಗಿಲಲ್ಲಿ ನಿಂತಿರುತ್ತೇನೆ. ನನ್ನ ಹೆಂಡತಿ ನಳಿನಿ ತಾಯಿಯ ಪಕ್ಷ. ಆದ್ದರಿಂದ ತಾವು ದಯಮಾಡಿ ಮುಂದಿನ ಪ್ರದರ್ಶನದಲ್ಲಾದರೂ ಪೊಲೀಸರ ಕೈಗೆ ಸಿಕ್ಕಿಬೀಳಬೇಕು. ಅದಾಗದಿದ್ದರೆ, ಆ ಜಲಪಾತಕ್ಕೆ ತಿರುಗುವ ಮುನ್ನ ಸಿಗ್ನಲ್ ಆದರೂ ಹಾಕಬೇಕೆಂದು ಬೇಡಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ, ಸದ್ಯಕ್ಕೆ ಪಾದಚಾರಿ,
ಹಯಗ್ರೀವ
ಫುಲ್‌ಶೀರ್, ಅಕ್ಟೋಬರ್ 2018

ಮರೆತ ಮಾತು: ಮುಂದಿನ ವಾರ ಆಸ್ಟಿನ್ನಿನಲ್ಲಿ ತಮ್ಮದೇ ಕಾಲದ ಫ್ರೆಂಚ್ ಖಳನಾಯಕಿಯೊಬ್ಬಳ ಚಿತ್ರವಿದೆಯಂತೆ. ಅತ್ತೆಯವರೇ ಡ್ರೈವ್ ಮಾಡುತ್ತಾರೆ. "ಬ್ರೇಕು, ಬ್ರೇಕು" ಎಂದು ಕೂಗುವುದಿಲ್ಲವೆಂದು ಮಾತು ಕೊಟ್ಟ ಮೇಲೆ, ನನಗೂ ಹಿಂದಿನ ಸೀಟು ಮಂಜೂರಾಗಿದೆ.