ತುರಿಕೆಗೆ ತುರಿದ ಸೋಪು

ಮುದ್ರಣಾಲಯದಲ್ಲಿ ಅವರನ್ನು ಎಲ್ಲರೂ ಅಲ್ಪವಿರಾಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಮೇಜಿನ ಮೇಲೆ ಬಗ್ಗಿ ಕರಡು ತಿದ್ದಿ ತಿದ್ದಿ ಬೆನ್ನು ಆ ಆಕಾರಕ್ಕೆ ಬಂದಿತ್ತು ಎನ್ನುವುದು ಒಂದು ಕಾರಣ. ಯಾವ ಮಾತನ್ನೂ ನಡುವೆ ನಿಲ್ಲಿಸಿ ಒಂದು ನಿಟ್ಟುಸಿರು ಬಿಡದೆ ಅವರು ಮುಗಿಸುತ್ತಿರಲಿಲ್ಲ ಎನ್ನುವುದು ಇನ್ನೊಂದು. ಸಂಜೆ ಮನೆಗೆ ಬಂದರೆ ಅವರಿಗೆ ಬೇಕಾದದ್ದು ಒಂದು ಕುರ್ಚಿ, ಒಂದು ಲೋಟ ಕಾಫಿ, ಯಾರೂ ಏನೂ ಕೇಳದ ಅರ್ಧ ಗಂಟೆ. ಮೂರರಲ್ಲಿ ಕುರ್ಚಿಯೊಂದೇ ಖಾತ್ರಿಯಾಗಿ ಸಿಗುತ್ತಿತ್ತು. (ಅದರ ಮೇಲೂ ಹೊಲಿಯಲು ಬಂದ ಬಟ್ಟೆಯ ಗುಡ್ಡೆ ಇರುತ್ತಿತ್ತು.)

ಹೊಲಿಗೆ ಹೆಂಡತಿಯದು. ಮುಂದಿನ ಕೋಣೆಯ ಕಿಟಕಿ ಪಕ್ಕ ಮಷೀನು ಇಟ್ಟುಕೊಂಡು ಅರ್ಧ ಬೀದಿಯ ಬಟ್ಟೆ ಹೊಲಿಯುತ್ತಿದ್ದಳು. ಆ ವರ್ಷ ಆಕೆಗೆ ಆಕೆಯ ಕೈಯೇ ಕೈಕೊಟ್ಟಿತು. ಮೊದಲು ಬೆರಳ ಸಂದಿಯಲ್ಲಿ ಕೆಂಪು, ಆಮೇಲೆ ತುರಿಕೆ, ಆಮೇಲೆ ಬಿರುಕು. ನಯವಾದ ಬಟ್ಟೆ ಮುಟ್ಟಿದರೆ ಅದರ ಎಳೆ ಬಿರುಕಿಗೆ ಸಿಕ್ಕಿಕೊಳ್ಳುತ್ತಿತ್ತು. ಒಂದು ದಿನ ಗಿರಾಕಿಯೊಬ್ಬರ ಬಿಳಿ ಉಡುಪಿನ ಕತ್ತುಪಟ್ಟಿಯ ಮೇಲೆ ಒಂದು ಹನಿ ರಕ್ತ ಬಿತ್ತು. ತಣ್ಣೀರಲ್ಲಿ ಉಜ್ಜಿ ಕಲೆ ತೆಗೆದಳು. ತೆಗೆದು, ಮಷೀನಿಗೆ ಮುಸುಕು ಹಾಕಿ ಸುಮ್ಮನೆ ಕುಳಿತಳು. ಆಕೆ ಸುಮ್ಮನೆ ಕುಳಿತದ್ದನ್ನು ಅಲ್ಪವಿರಾಮರು ಮದುವೆಯಾದಾಗಿನಿಂದ ನೋಡಿರಲಿಲ್ಲ. ಹೆದರಿಬಿಟ್ಟರು.

ಚರ್ಮದ ಡಾಕ್ಟರು ಮೂರೇ ನಿಮಿಷದಲ್ಲಿ ತೀರ್ಪು ಕೊಟ್ಟರು. "ಸೂಕ್ಷ್ಮ ಚರ್ಮ ಇವರದ್ದು. ಬಟ್ಟೆ ಸೋಪು ಒಗ್ಗುತ್ತಿಲ್ಲ. ಬದಲಾಯಿಸಿ, ಆರು ವಾರ ಬಿಟ್ಟು ಬನ್ನಿ."

ಮನೆಗೆ ಬಂದವರೇ ಅಲ್ಪವಿರಾಮರು ಸೋಪಿನ ಪುಡಿಯ ಪೊಟ್ಟಣ ಹಿಡಿದು ದೀಪದ ಕೆಳಗೆ ಕುಳಿತರು. ಹಿಂಬದಿಯ ಇರುವೆ ಅಕ್ಷರಗಳಲ್ಲಿ ಹದಿನಾಲ್ಕು ಹೆಸರುಗಳಿದ್ದವು. ಜೇಬಿನಿಂದ ಕೆಂಪು ಪೆನ್ನು ತಾನಾಗಿ ಹೊರಬಂತು.

"ಇಲ್ಲಿ ಎರಡು ಕಡೆ ಒತ್ತಕ್ಷರ ತಪ್ಪಿದೆ," ಎಂದರು. ನಿಟ್ಟುಸಿರು. "ಹೆಸರೇ ನೆಟ್ಟಗೆ ಬರೆಯೋಕೆ ಬಾರದವರು ಒಳಗಿರೋದನ್ನ ನೆಟ್ಟಗೆ ಬೆರೆಸಿರ್ತಾರಾ?"

"ವಾಸನೆ ಇಲ್ಲದ ಪುಡಿ ಅಂಗಡೀಲಿ ಸಿಗುತ್ತಂತೆ ರೀ. ಅದನ್ನ ತಂದುಬಿಡಿ, ಸಾಕು."

"ಬೇಡ. ನಾನೇ ಮಾಡ್ತೀನಿ."

"ಯಾವಾಗ? ಬಚ್ಚಲ ಬಲ್ಬು ಬದಲಾಯಿಸ್ತೀನಿ ಅಂದು ಎರಡು ತಿಂಗಳಾಯ್ತು."

ಬಲ್ಬಿನ ಪ್ರಸ್ತಾಪವನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಂದಿನ ವಾರವಷ್ಟೇ ಮಹಿಳಾ ಪತ್ರಿಕೆಯೊಂದರ ಕರಡಿನಲ್ಲಿ ಅವರು ಈ ವಿದ್ಯೆಯನ್ನು ತಿದ್ದಿದ್ದರು: ವಾಸನೆ ಹಾಕದ ಮೈಸೋಪು ಎರಡು, ತುರಿದದ್ದು, ಬಟ್ಟೆ ಸೋಡಾ ಎರಡು ಬಟ್ಟಲು, ಅಡುಗೆ ಸೋಡಾ ಒಂದು ಬಟ್ಟಲು. ಬೆರೆಸಿ ಡಬ್ಬಿಗೆ ತುಂಬಿದರೆ ಆಯಿತು. 'ತುಂಬಾ ಸುಲಭ' ಎಂದಿತ್ತು. ಆ ಎರಡು ಪದವನ್ನು ಆಗಲೇ ಹೊಡೆದುಹಾಕಬೇಕಿತ್ತು ಎಂದು ಅವರಿಗೆ ಅನ್ನಿಸಿದ್ದು ಭಾನುವಾರ ಬೆಳಿಗ್ಗೆ, ಒಂದೂವರೆ ಸೋಪು ಮುಗಿಯುವ ಹೊತ್ತಿಗೆ.

ಆವರೆಗೆ ಮನೆಯಲ್ಲಿ ತುರಿಸಿಕೊಳ್ಳುವವರು ಮಾತ್ರ ಇದ್ದರು, ಈಗ ತುರಿಯುವವರೂ ಆದರು. ಸೋಪಿನ ಹುಡಿ ಮೂಗಿಗೆ ಹೋಗಿ ಹನ್ನೊಂದು ಸೀನು ಬಂದವು. ಒಂದೊಂದು ಸೀನಿಗೂ ಕಾಲುಬಟ್ಟಲು ಸರಕು ಗಾಳಿಗೆ ಹೋಯಿತು. ಹತ್ತನೇ ತರಗತಿ ಓದುವ ಮಗಳು ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು.

"ಅಪ್ಪಾ, ಆ ತುರಿಮಣೆ ಕ್ಯಾರೆಟ್ ತುರಿಯೋದಲ್ವಾ?"

"ತೊಳೆದರೆ ಹೋಗುತ್ತೆ. ಸೋಪು ತಾನೇ?"

ಹೋಗಲಿಲ್ಲ. ಮಧ್ಯಾಹ್ನದ ಕ್ಯಾರೆಟ್ ಪಲ್ಯ ತಿಂದವರೆಲ್ಲ ನೀರು ಕುಡಿದರು, ಕುಡಿದಷ್ಟೂ ಬಾಯಲ್ಲಿ ನೊರೆ ಹೆಚ್ಚಾಯಿತು.

ಮೊದಲ ಮುದ್ರಣ ಎರಡೇ ದಿನದಲ್ಲಿ ತೇವ ಹಿಡಿದು ಡಬ್ಬಿಯೊಳಗೆ ಕಲ್ಲಾಯಿತು. ಸುತ್ತಿಗೆ ತಂದರು. ಡಬ್ಬಿ ಒಡೆಯಿತು, ಸೋಪು ಒಡೆಯಲಿಲ್ಲ. ಪರಿಷ್ಕೃತ ದ್ವಿತೀಯ ಮುದ್ರಣವನ್ನು ಬಿಸಿನೀರಲ್ಲಿ ಕರಗಿಸಹೋದಾಗ ಅದು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಅದನ್ನು ಒರೆಸಲು ಒಂದು ಸಂಜೆ ಹಿಡಿಯಿತು. ಒರೆಸಿದಷ್ಟೂ ಒಲೆ ನೊರೆ ಬಿಡುತ್ತಿತ್ತು. ಮೂರನೆಯದಕ್ಕೆ ಸೋಪನ್ನು ವಾರವಿಡೀ ತಾರಸಿಯಲ್ಲಿ ಒಣಗಿಸಿ, ತುರಿದು, ಜರಡಿ ಹಿಡಿದರು. ಈ ಸಲ ಪುಡಿ ಪುಡಿಯಾಗಿಯೇ ಉಳಿಯಿತು. ಮಾಡಿದವರೂ ಪುಡಿಯಾಗಿದ್ದರು.

"ಕೊಡಿ, ಇವತ್ತು ಇದರಲ್ಲೇ ನೆನೆಸ್ತೀನಿ," ಎಂದು ಹೆಂಡತಿ ಬಕೆಟ್ಟಿಗೆ ಕೈ ಚಾಚಿದಳು.

"ಮುಟ್ಟಬೇಡ." ನಿಟ್ಟುಸಿರು. "ಅಳತೆ ಒಂದು ಚಮಚ ಹೆಚ್ಚುಕಮ್ಮಿ ಆದ್ರೂ ಪ್ರಯೋಗ ಕೆಟ್ಟಹಾಗೆ. ಆರು ವಾರ ನಾನೇ ಒಗೀತೀನಿ."

"ನಾಲ್ಕು ಚಮಚ ಅಂದ್ರೆ ನಾಲ್ಕೇ ಹಾಕ್ತೀನಿ ರೀ. ನನಗೂ ಎಣಿಸೋಕೆ ಬರುತ್ತೆ."

"ಎಣಿಸೋದಲ್ಲ, ಚಮಚದ ತಲೆ ತಟ್ಟಿ ಮಟ್ಟ ಮಾಡಬೇಕು. ಹೋಗು, ನೀನು ಕೂತ್ಕೋ."

ಆಕೆ ಒಂದು ಕ್ಷಣ ಗಂಡನ ಮುಖ ನೋಡಿದಳು. ಆಮೇಲೆ ಹೋಗಿ ಕೂತಳು.

ಹೀಗೆ ಅಲ್ಪವಿರಾಮರ ವನವಾಸ ಆರಂಭವಾಯಿತು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಬಚ್ಚಲಲ್ಲಿ ಎರಡು ಬಕೆಟ್ಟು ಬಟ್ಟೆ. ಕುಕ್ಕರುಗಾಲಲ್ಲಿ ಕೂತರೆ ಎದ್ದುನಿಲ್ಲಲು ನಲ್ಲಿ ಹಿಡಿಯಬೇಕು, ನಲ್ಲಿ ಹಿಡಿದರೆ ನೀರು ಬಿಟ್ಟುಕೊಂಡು ಅಂಗಿ ನೆನೆಯಬೇಕು, ನೆನೆದ ಅಂಗಿಯೂ ಬಕೆಟ್ಟಿಗೇ ಬೀಳಬೇಕು. ಬಿಳಿ ಅಂಗಿಗಳು ಬೂದಿ ಬಣ್ಣಕ್ಕೆ ತಿರುಗಿದವು. ಟವೆಲಲ್ಲಿ ಮೈ ಒರೆಸಿಕೊಂಡರೆ ಮರಳುಕಾಗದದಲ್ಲಿ ಉಜ್ಜಿದಂತೆ ಆಗುತ್ತಿತ್ತು.

"ಅಪ್ಪಾ, ನನ್ನ ಯೂನಿಫಾರ್ಮು ಗೋಡೆಗೆ ಒರಗಿಕೊಂಡು ತಾನೇ ನಿಂತಿದೆ," ಎಂದಳು ಮಗಳು. "ನಾನು ಹೋಗ್ಲೋ, ಅದನ್ನೇ ಕಳಿಸ್ಲೋ?"

ಐದನೇ ವಾರದ ಹೊತ್ತಿಗೆ ಅವರ ಬೆರಳ ತುದಿಗಳು ಸುಲಿದು, ಕೆಂಪು ಪೆನ್ನು ಹಿಡಿದರೆ ಚುರುಗುಟ್ಟುತ್ತಿತ್ತು. ಮುದ್ರಣಾಲಯದಲ್ಲಿ ಕರಡಿನ ಮೇಲೆಯೇ ತಲೆಯಿಟ್ಟು ತೂಕಡಿಸಿದರು. ಎದ್ದಾಗ ಕೆನ್ನೆಯ ಮೇಲೆ ಯಾರದ್ದೋ ಮುನ್ನುಡಿಯ ನಾಲ್ಕು ಸಾಲು ತಲೆಕೆಳಗಾಗಿ ಅಚ್ಚಾಗಿತ್ತು. ಆದರೂ ಅವರು ದೂರಲಿಲ್ಲ. ಏಕೆಂದರೆ ಹೆಂಡತಿಯ ಕೈ ದಿನದಿಂದ ದಿನಕ್ಕೆ ಮಾಯುತ್ತಿತ್ತು. ಬಿರುಕು ಮುಚ್ಚಿತು, ಕೆಂಪು ಇಳಿಯಿತು. ಒಂದು ಸಂಜೆ ಅವರು ಮೆಟ್ಟಿಲು ಹತ್ತುವಾಗಲೇ ಒಳಗಿನಿಂದ ಮಷೀನಿನ ಸದ್ದು ಕೇಳಿಸಿತು. ಬಾಗಿಲಾಚೆ ಚಪ್ಪಲಿ ಬಿಡದೆ ಸ್ವಲ್ಪ ಹೊತ್ತು ನಿಂತು ಕೇಳಿದರು. ಕುರ್ಚಿಯ ಮೇಲೆ ಮತ್ತೆ ಬಟ್ಟೆಯ ಗುಡ್ಡೆ ಬೆಳೆದಿತ್ತು. ನೆಲದ ಮೇಲೆ ಕೂತು ಕಾಫಿ ಕುಡಿದರು. ಅಷ್ಟು ರುಚಿಯಾದ ಕಾಫಿಯನ್ನು ಅವರು ಇತ್ತೀಚೆಗೆ ಕುಡಿದಿರಲಿಲ್ಲ.

ಒಗೆಯಲು ಕೂತು ಆರು ವಾರಕ್ಕೆ ಸರಿಯಾಗಿ, ಪುಡಿಯ ಡಬ್ಬಿಯನ್ನು ಪ್ರಶಸ್ತಿಯಂತೆ ಎದೆಗೊತ್ತಿಕೊಂಡು ಡಾಕ್ಟರ ಮುಂದೆ ಹಾಜರಾದರು. ಡಾಕ್ಟರು ಹೆಂಡತಿಯ ಕೈ ತಿರುಗಿಸಿ ತಿರುಗಿಸಿ ನೋಡಿದರು.

"ಪೂರ್ತಿ ವಾಸಿಯಾಗಿದೆ. ಏನು ಮಾಡಿದ್ರಿ?"

ಅಲ್ಪವಿರಾಮರು ಡಬ್ಬಿಯ ಮುಚ್ಚಳ ತೆಗೆದು ಮುಂದಿಟ್ಟರು. ಬಾಳಿನಲ್ಲಿ ಮೊದಲ ಬಾರಿಗೆ ನಡುವೆ ಉಸಿರು ಬಿಡದೆ ಎಲ್ಲವನ್ನೂ ಹೇಳಿ ಮುಗಿಸಿದರು. ಡಾಕ್ಟರು ಒಂದು ಚಿಟಿಕೆ ಪುಡಿಯನ್ನು ನೀರಲ್ಲಿ ಕದಡಿ, ಅದರೊಳಗೆ ಕ್ಷಾರ ಅಳೆಯುವ ಕಾಗದದ ಪಟ್ಟಿ ಅದ್ದಿದರು. ಪಟ್ಟಿ ಕಡುನೀಲಿಗೆ ತಿರುಗಿತು.

"ಇದು ಅಂಗಡಿ ಪುಡಿಗಿಂತ ಖಾರವಾಗಿದೆಯಲ್ಲ ಸ್ವಾಮಿ. ಸೋಡಾ ಜಾಸ್ತಿ. ಇದರಲ್ಲಿ ಇವರು ಕೈ ಅದ್ದಿದ್ರೆ ಚರ್ಮ ಎದ್ದುಬರ್ತಿತ್ತು."

"ಆದ್ರೆ, ಡಾಕ್ಟ್ರೇ, ವಾಸಿಯಾಗಿದೆಯಲ್ಲ."

"ಬಟ್ಟೆ ಯಾರು ಒಗೀತಾ ಇದ್ದದ್ದು?"

ಹೆಂಡತಿ ಗೋಡೆಯ ಮೇಲಿನ ಗಡಿಯಾರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು. ಅಲ್ಪವಿರಾಮರು ತಮ್ಮ ಸುಲಿದ ಕೈಗಳನ್ನು ಮೇಜಿನ ಕೆಳಗೆ ಸರಿಸಿದರು. ಡಾಕ್ಟರು ನೋಡಿಯೇಬಿಟ್ಟಿದ್ದರು.

"ಅಲ್ಲಿಗೆ ಔಷಧ ಯಾವುದು ಅಂತ ಗೊತ್ತಾಯ್ತಲ್ಲ," ಎಂದರು. "ಸೋಪು ಯಾವುದಾದ್ರೂ ಆಗಲಿ, ಅವರ ಕೈ ಅದರೊಳಗೆ ಹೋಗಬಾರದು, ಅಷ್ಟೆ. ಇದೇ ಚಿಕಿತ್ಸೆ ಮುಂದುವರಿಸಿ. ನೀವು ಗ್ಲೌಸು ಹಾಕ್ಕೊಳ್ಳಿ."

"ಎಷ್ಟು ವಾರ, ಡಾಕ್ಟ್ರೇ?"

"ಸೂಕ್ಷ್ಮ ಚರ್ಮ ಹುಟ್ಟುಗುಣ ಸ್ವಾಮಿ. ವಾರದ ಲೆಕ್ಕ ಬರಲ್ಲ."

ಹೊರಗೆ ಬಂದು ಇಬ್ಬರೂ ರಸ್ತೆಗಿಳಿದರು.

"ನಿನಗೆ ಯಾವಾಗ ಗೊತ್ತಾಯ್ತು?" ಎಂದು ಅಲ್ಪವಿರಾಮರು ಕೇಳಿದರು.

"ಎರಡನೇ ವಾರ."

"ಹೇಳೋದಲ್ವಾ?"

"ನೀವು ಒಂದು ಕೆಲಸ ಹಿಡಿದು ಬಿಡದೇ ಮಾಡ್ತಾ ಇದ್ದದ್ದು ಅದೇ ಮೊದಲು. ಮಧ್ಯೆ ಬಾಯಿ ಹಾಕೋಕೆ ಮನಸ್ಸು ಬರಲಿಲ್ಲ." ಆಕೆ ಡಬ್ಬಿಯನ್ನು ಗಂಡನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. "ಇನ್ಮೇಲೆ ಪುಡಿ ಅಂಗಡೀದೇ ತರೋಣ ರೀ. ಒಗೆಯೋದಲ್ಲದೆ ತುರಿಯೋ ಕಷ್ಟ ಬೇರೆ ಯಾಕೆ ನಿಮಗೆ?"

ಅಲ್ಪವಿರಾಮರು ಔಷಧದ ಅಂಗಡಿಯ ಮುಂದೆ ನಿಂತು ರಬ್ಬರ್ ಗ್ಲೌಸು ಕೇಳಿದರು.

"ಎಷ್ಟು ಜೊತೆ ಸರ್?" ಎಂದರು ಅಂಗಡಿಯವರು.

"ಒಂದು," ಎನ್ನುವಷ್ಟರಲ್ಲಿ, ನುಣುಪಾಗಿ ಮಾಯ್ದ ಕೈಯೊಂದು ಪಕ್ಕದಿಂದ ಬಂದು ಗಾಜಿನ ಮೇಜಿನ ಮೇಲೆ ಕೂತಿತು.

"ಒಂದು ಡಜನ್ ಕೊಡಿ," ಎಂದಳು ಹೆಂಡತಿ.